ಮುಡಿ ತುಂಬ ಹೂವು, ಮಡಿಲ ತುಂಬ ಬೀದಿ ಮಕ್ಕಳು: ನ್ಯೂಯಾರ್ಕ್‌ನ ಮಾರ್ಷಾ ಪಿ. ಜಾನ್ಸನ್ ಬದುಕಿದ ಬಗೆ

ಜೂನ್ ತಿಂಗಳು ಬಂತೆಂದರೆ ಜಾಲತಾಣಗಳಲ್ಲಿ ಒಂದು ಫೋಟೊ ಹರಿದಾಡಲು ಶುರುವಾಗುತ್ತದೆ. ಕಪ್ಪು ಮೈಬಣ್ಣ, ಮುಡಿ ತುಂಬ ತಾಜಾ ಹೂವು, ಬಾಯಿ ತುಂಬ ನಗು. ಕೆಳಗೆ ಹೆಚ್ಚಾಗಿ ಒಂದೇ ಬರಹ: 1969ರಲ್ಲಿ ನ್ಯೂಯಾರ್ಕ್‌ನ ಸ್ಟೋನ್‌ವಾಲ್ ಬಾರ್ ಮುಂದೆ ಪೊಲೀಸರತ್ತ ಮೊದಲ ಕಲ್ಲು ಎಸೆದವರು ಇವರೇ, ಮಾರ್ಷಾ ಪಿ. ಜಾನ್ಸನ್.

ಆ ಬರಹ ತಪ್ಪು. ಹಾಗೆಂದವರು ಬೇರಾರೂ ಅಲ್ಲ, ಸ್ವತಃ ಮಾರ್ಷಾ. ತಾನು ಅಲ್ಲಿಗೆ ತಲುಪಿದ್ದೇ ರಾತ್ರಿ ಎರಡರ ಸುಮಾರಿಗೆ, ಅಷ್ಟರಲ್ಲಿ ಗಲಾಟೆ ಶುರುವಾಗಿ ಹೋಗಿತ್ತು ಎಂದು ಒಂದು ಸಂದರ್ಶನದಲ್ಲಿ ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ಆದರೂ ಕಲ್ಲಿನ ಕಥೆ ಸಾಯುವುದಿಲ್ಲ. ಒಂದು ರಾತ್ರಿಯ ಕಲ್ಲು ನೆನಪಿಟ್ಟುಕೊಳ್ಳಲು ಸುಲಭ. ಅದಾದ ಮರುವರ್ಷ ಮಾರ್ಷಾ ಮತ್ತು ಅವರ ಗೆಳತಿ ಸಿಲ್ವಿಯಾ ರಿವೆರಾ ಪಾಳುಬಿದ್ದ ಕಟ್ಟಡವೊಂದರಲ್ಲಿ ಮಾಡಿದ ಕೆಲಸ ಮಾತ್ರ ಅಷ್ಟು ಸುಲಭವಾಗಿ ಒಂದು ಫೋಟೊದ ಕೆಳಗೆ ಹಿಡಿಸುವುದಿಲ್ಲ.

ಹದಿನೈದು ಡಾಲರ್, ಒಂದು ಚೀಲ ಬಟ್ಟೆ

ಮಾರ್ಷಾ ಹುಟ್ಟಿದ್ದು 1945ರ ಆಗಸ್ಟ್ 24ರಂದು, ನ್ಯೂಯಾರ್ಕ್ ನಗರದ ಪಕ್ಕದ ನ್ಯೂಜೆರ್ಸಿ ರಾಜ್ಯದ ಎಲಿಜಬೆತ್ ಪಟ್ಟಣದಲ್ಲಿ. ಏಳು ಮಕ್ಕಳಿದ್ದ ಕಪ್ಪು ಜನರ ದುಡಿಮೆಗಾರ ಕುಟುಂಬ. ತಂದೆ ಜನರಲ್ ಮೋಟರ್ಸ್ ಕಾರು ಕಾರ್ಖಾನೆಯಲ್ಲಿ ಕಾರ್ಮಿಕ, ತಾಯಿ ಮನೆಗೆಲಸಕ್ಕೆ ಹೋಗುತ್ತಿದ್ದರು. ಹೆತ್ತವರು ಇಟ್ಟಿದ್ದು ಗಂಡು ಹೆಸರು. ಐದನೇ ವಯಸ್ಸಿಗೇ ಫ್ರಾಕ್ ತೊಡಲು ಶುರು ಮಾಡಿದ ಮಗು, ನೆರೆಹೊರೆಯ ಹುಡುಗರ ಕಾಟ ತಾಳಲಾರದೆ ಅದನ್ನು ಬಿಟ್ಟಿತು. ಮನೆಯವರದು ಕಟ್ಟುನಿಟ್ಟಿನ ಕ್ರೈಸ್ತ ನಂಬಿಕೆ, ಕಪ್ಪು ಜನರದೇ ಆದ ಆಫ್ರಿಕನ್ ಮೆಥಡಿಸ್ಟ್ ಚರ್ಚ್. ಮನೆ ಬಿಟ್ಟ ಮೇಲೂ ಮಾರ್ಷಾ ದೇವರನ್ನು ಮಾತ್ರ ಬಿಡಲಿಲ್ಲ.

1963ರಲ್ಲಿ ಹೈಸ್ಕೂಲ್ ಮುಗಿಯಿತು. ಕೈಯಲ್ಲಿ 15 ಡಾಲರ್, ಒಂದು ಚೀಲ ಬಟ್ಟೆ. ಅಷ್ಟನ್ನೇ ಹಿಡಿದು ಮಾರ್ಷಾ ನದಿಯಾಚೆಯ ನ್ಯೂಯಾರ್ಕ್ ಸೇರಿದರು. ಹೋಟೆಲುಗಳಲ್ಲಿ ಸಪ್ಲೈ ಮಾಡಿದರು. ಗ್ರೀನಿಚ್ ವಿಲೇಜ್ ಎಂಬ ಬಡಾವಣೆಯಲ್ಲಿ ತಮ್ಮಂಥವರ ಗುಂಪು ಸಿಕ್ಕಿತು. ಹೆಸರು ಬದಲಾಯಿತು. ಜಾನ್ಸನ್ ಎಂಬುದು 42ನೇ ಬೀದಿಯ ಹೊವಾರ್ಡ್ ಜಾನ್ಸನ್ಸ್ ರೆಸ್ಟೋರೆಂಟಿನ ಬೋರ್ಡಿನಿಂದ ಎತ್ತಿಕೊಂಡಿದ್ದು. ನಡುವಿನ ಪಿ ಅಕ್ಷರಕ್ಕೆ ಅವರು ಕೊಡುತ್ತಿದ್ದ ವಿವರಣೆ ಪೇ ಇಟ್ ನೋ ಮೈಂಡ್, ಅಂದರೆ ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ ಎಂದು. ನೀನು ಗಂಡೋ ಹೆಣ್ಣೋ ಎಂದು ಕೇಳಿದವರಿಗೂ ಅದೇ ಉತ್ತರ. ಕಟಕಟೆಯಲ್ಲಿ ನಿಂತಾಗಲೂ ಹಾಗೇ ಹೇಳಿ, ನಗು ತಡೆಯಲಾಗದ ನ್ಯಾಯಾಧೀಶರು ಬಿಟ್ಟು ಕಳಿಸಿದರು ಎಂಬ ಕಥೆಯೂ ಪ್ರಸಿದ್ಧ.

ಟ್ರಾನ್ಸ್‌ಜೆಂಡರ್ ಎಂಬ ಪದ ಆಗಿನ್ನೂ ಜನರ ಬಾಯಿಗೆ ಬಂದಿರಲಿಲ್ಲ. ಮಾರ್ಷಾ ತಮ್ಮನ್ನು ಗೇ ಎಂದೂ, ಟ್ರಾನ್ಸ್‌ವೆಸ್ಟೈಟ್ ಎಂದೂ, ಕ್ವೀನ್ ಎಂದೂ ಕರೆದುಕೊಂಡವರು. ಇಂದಿನ ಪದಗಳಲ್ಲಿ ಯಾವುದು ಅವರಿಗೆ ಒಪ್ಪುತ್ತಿತ್ತು ಎಂಬ ವಾದ ಈಗಲೂ ನಡೆಯುತ್ತದೆ. ತಮ್ಮನ್ನು ಹೆಣ್ಣೆಂದು ಕರೆಯುವುದೇ ಅವರಿಗೆ ಇಷ್ಟವಾಗಿತ್ತು ಎಂಬುದು ಇಲ್ಲಿಗೆ ಸಾಕು.

ಹೊಟ್ಟೆಪಾಡಿಗೆ ಉಳಿದದ್ದು ಬೀದಿಯ ಲೈಂಗಿಕ ವೃತ್ತಿ. ಹೆಣ್ಣುಡುಗೆ ತೊಟ್ಟ ಗಂಡಸರು ಎಂಬ ಕಾರಣಕ್ಕೆ ಇವರನ್ನು ಹಿಡಿಯಲು ಪೊಲೀಸರಿಗೆ 19ನೇ ಶತಮಾನದ ವೇಷ ಮರೆಸುವಿಕೆ ವಿರೋಧಿ ಕಾನೂನೇ ಸಾಕಾಗುತ್ತಿತ್ತು. ಬಂಧನಗಳ ಲೆಕ್ಕವನ್ನು ನೂರು ದಾಟಿದ ಮೇಲೆ ಇಡುವುದೇ ಬಿಟ್ಟೆ ಎಂದು ಮಾರ್ಷಾ ಹೇಳಿಕೊಳ್ಳುತ್ತಿದ್ದರು. ಮಲಗಲು ಜಾಗವಿಲ್ಲದ ರಾತ್ರಿಗಳಲ್ಲಿ ಮ್ಯಾನ್‌ಹಟನ್‌ನ ಹೂವಿನ ಮಾರುಕಟ್ಟೆಗೆ ಹೋಗಿ, ಹೂವು ವಿಂಗಡಿಸುವ ಮೇಜುಗಳ ಕೆಳಗೆ ಮಲಗುತ್ತಿದ್ದರು. ವ್ಯಾಪಾರಿಗಳು ಉಳಿದ ಹೂವು ಕೊಡುತ್ತಿದ್ದರು. ಇಂದು ಎಲ್ಲರೂ ಮೆಚ್ಚುವ ಆ ಹೂವಿನ ಕಿರೀಟ ಹುಟ್ಟಿದ್ದು ಹಾಗೆ.

ಹನ್ನೊಂದು ವರ್ಷದ ಮಗು

1963ರಲ್ಲೇ ಟೈಮ್ಸ್ ಸ್ಕ್ವೇರ್ ಸುತ್ತಲಿನ ಬೀದಿಯಲ್ಲಿ ಮಾರ್ಷಾಗೆ ಇನ್ನೊಂದು ಜೀವ ಎದುರಾಯಿತು. ಸಿಲ್ವಿಯಾ ರಿವೆರಾ. ತಂದೆ ಪೋರ್ಟೊರಿಕೊ ಮೂಲದವರು, ತಾಯಿ ವೆನೆಜುವೆಲಾದವರು. ಮಗುವಿಗೆ ಮೂರು ವರ್ಷವಾಗಿದ್ದಾಗ ತಾಯಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಸಾಕಿದ ಅಜ್ಜಿಗೆ ಗಂಡು ಮಗುವಿನ ಹೆಣ್ತನ ಸಹ್ಯವಾಗಲಿಲ್ಲ. ಹನ್ನೊಂದು ತುಂಬುವ ಮೊದಲೇ ಸಿಲ್ವಿಯಾ ಮನೆ ಬಿಟ್ಟು ಬೀದಿಗೆ ಬಿದ್ದಿದ್ದಳು, ಬದುಕಲು ಮೈ ಮಾರಿಕೊಳ್ಳುತ್ತಿದ್ದಳು. ಮಾರ್ಷಾಗೂ ಆಗಿನ್ನೂ ಹದಿನೆಂಟರ ಆಸುಪಾಸು. ಆದರೂ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದರಿಂದ ಹಿಡಿದು ಪೊಲೀಸರಿಂದ ತಪ್ಪಿಸಿಕೊಳ್ಳುವವರೆಗೆ ಎಲ್ಲವನ್ನೂ ಕಲಿಸಿ, ತಾಯಿಯಂತೆ ಬೆನ್ನಿಗೆ ನಿಂತರು. ಮುಂಬೈ, ಹೈದರಾಬಾದ್‌ಗಳ ಹಿಜಡಾ ಜಮಾತ್‌ಗಳಲ್ಲಿ ಗುರು-ಚೇಲಾ, ತಾಯಿ-ಮಗಳು ನಂಟನ್ನು ಕಂಡವರಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಿಲ್ಲ. ಹೆತ್ತ ಮನೆ ಬಾಗಿಲು ಹಾಕಿದ ಮೇಲೆ ಇನ್ನೊಂದು ಮನೆ ಹೀಗೇ ಹುಟ್ಟಿಕೊಳ್ಳುತ್ತದೆ.

1969ರ ಜೂನ್ 28ರ ನಸುಕಿಗೂ ಮುನ್ನ ಕ್ರಿಸ್ಟೋಫರ್ ಬೀದಿಯ ಸ್ಟೋನ್‌ವಾಲ್ ಇನ್ ಬಾರ್ ಮೇಲೆ ಪೊಲೀಸ್ ದಾಳಿ ಆಯಿತು. ಮಾಫಿಯಾದವರು ಮದ್ಯದ ಪರವಾನಗಿಯಿಲ್ಲದೆ ನಡೆಸುತ್ತಿದ್ದ ಬಾರು ಅದು. ಅಂಥ ದಾಳಿಗಳು ಆಗಾಗ ನಡೆಯುತ್ತಿದ್ದವು. ಈ ಸಲ ಮಾತ್ರ ಜನ ಚದುರಲಿಲ್ಲ. ಬಾಟಲಿ, ಕಲ್ಲು, ನಾಣ್ಯ ತೂರಿದರು, ಗಲಾಟೆ ಹಲವು ರಾತ್ರಿ ನಡೆಯಿತು. ಮಾರ್ಷಾ ಅಲ್ಲಿದ್ದರು, ಮುಂಚೂಣಿಯಲ್ಲೇ ಇದ್ದರು. ಬೀದಿದೀಪದ ಕಂಬ ಹತ್ತಿ ಭಾರದ ಚೀಲವೊಂದನ್ನು ಪೊಲೀಸ್ ಕಾರಿನ ಗಾಜಿನ ಮೇಲೆ ಬೀಳಿಸಿದ್ದನ್ನು ಕಂಡವರು ಹೇಳಿದ್ದಾರೆ. ಒಂದು ವರ್ಷದ ನಂತರ, 1970ರ ಜೂನ್ 28ರಂದು, ನ್ಯೂಯಾರ್ಕ್‌ನ ಮೊದಲ ಪ್ರೈಡ್ ಮೆರವಣಿಗೆ ಹೊರಟಿತು. ಸ್ಟೋನ್‌ವಾಲ್ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ, ಇಲ್ಲಿಗೆ ಇಷ್ಟು ಸಾಕು.

ಲಾರಿಯಲ್ಲೊಂದು ಸಂಸಾರ

1970ರ ಶರತ್ಕಾಲದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯ ತನ್ನ ವೈನ್‌ಸ್ಟೈನ್ ಹಾಲ್ ಕಟ್ಟಡದಲ್ಲಿ ಸಲಿಂಗಿ ಸಂಘಟನೆಗಳ ನೃತ್ಯ ಕೂಟಕ್ಕೆ ಅನುಮತಿ ರದ್ದು ಮಾಡಿತು. ಪ್ರತಿಭಟನಕಾರರು ಕಟ್ಟಡದೊಳಗೇ ಧರಣಿ ಕೂತರು. ಪೊಲೀಸರು ಬಂದು ಖಾಲಿ ಮಾಡಿಸಿದರು. ಆ ಧರಣಿಯಲ್ಲಿ ಕೊನೆಯವರೆಗೂ ಗಟ್ಟಿಯಾಗಿ ಕೂತವರು ಬೀದಿಯವರು ಎಂಬುದನ್ನು ಸಿಲ್ವಿಯಾ, ಮಾರ್ಷಾ ಗಮನಿಸಿದ್ದರು. ಕಾಲೇಜು ಓದಿದ, ಬಿಳಿಯ, ಮಧ್ಯಮವರ್ಗದ ಕಾರ್ಯಕರ್ತರಿಗೆ ಹಿಂದಿರುಗಲು ಮನೆಗಳಿದ್ದವು. ಇವರಿಗೆ ಇರಲಿಲ್ಲ. ಆ ಅನುಭವದಿಂದ ಹುಟ್ಟಿದ್ದು ಸ್ಟಾರ್, ಅಂದರೆ ಸ್ಟ್ರೀಟ್ ಟ್ರಾನ್ಸ್‌ವೆಸ್ಟೈಟ್ ಆ್ಯಕ್ಷನ್ ರೆವಲ್ಯೂಷನರೀಸ್. ಹೆಸರಿನ ಮೊದಲ ಪದವೇ ಬೀದಿ.

ಹೆಸರು ದೊಡ್ಡದು, ಕೆಲಸ ನೇರ. ಮನೆಯಿಂದ ಹೊರಹಾಕಿಸಿಕೊಂಡ ಹದಿಹರೆಯದ ಮಕ್ಕಳಿಗೆ ಊಟ, ಸೂರು. ಆ ಮಕ್ಕಳಲ್ಲಿ ಬಹಳಷ್ಟು ಜನ ಕಪ್ಪು ಅಥವಾ ಲ್ಯಾಟಿನ್ ಅಮೆರಿಕ ಮೂಲದವರು. ಮೊದಲ ಸೂರು ಗ್ರೀನಿಚ್ ವಿಲೇಜ್‌ನ ಪಾರ್ಕಿಂಗ್ ಜಾಗದಲ್ಲಿ ನಿಂತಿದ್ದ ಒಂದು ಲಾರಿ ಟ್ರೇಲರ್. ಯಾರೋ ಬಿಟ್ಟುಹೋದದ್ದು ಅಂದುಕೊಂಡು ಸುಮಾರು 20 ಮಕ್ಕಳು ಅದರೊಳಗೆ ಮಲಗುತ್ತಿದ್ದರು. ಒಂದು ಬೆಳಿಗ್ಗೆ ಮಾರ್ಷಾ ಮತ್ತು ಸಿಲ್ವಿಯಾ ತಿಂಡಿ ಸಾಮಾನು ಹೊತ್ತು ಬರುವಷ್ಟರಲ್ಲಿ ಲಾರಿ ಹೊರಟೇಬಿಟ್ಟಿತ್ತು! ಮಕ್ಕಳು ಎದ್ದುಬಿದ್ದು ಹೊರಕ್ಕೆ ಜಿಗಿದರು. ನಿದ್ದೆಯಿಂದ ಏಳದ ಒಂದು ಮಗು ಕ್ಯಾಲಿಫೋರ್ನಿಯಾ ದಾರಿಯಲ್ಲಿ ಕಣ್ಣು ಬಿಟ್ಟಿತು ಎಂದು ಆ ಕಾಲದವರು ನಗುತ್ತಾ ಹೇಳುತ್ತಿದ್ದರು. ನಗು ಬರುವುದು ಸಹಜ, ಆದರೆ ಅಮೆರಿಕದಂಥ ಸಿರಿವಂತ ದೇಶದ ಅತಿ ದೊಡ್ಡ ನಗರದಲ್ಲಿ ಮಕ್ಕಳಿಗೆ ಮಲಗಲು ಸಿಕ್ಕಿದ್ದು ಲಾರಿ.

ಆಮೇಲೆ ಸಿಕ್ಕಿದ್ದು ಈಸ್ಟ್ ಸೆಕೆಂಡ್ ಸ್ಟ್ರೀಟ್‌ನ 213ನೇ ನಂಬರಿನ ಕಟ್ಟಡ. ಮಾಲೀಕ ಮಾಫಿಯಾ ನಂಟಿನವನು. ಕರೆಂಟಿಲ್ಲ, ನೀರಿನ ಪೈಪು ಕೆಟ್ಟಿದೆ, ಚಳಿಗಾಲಕ್ಕೆ ಮನೆ ಬೆಚ್ಚಗಿಡುವ ಬಾಯ್ಲರ್ ಸತ್ತಿದೆ. ಇವರೇ ಗುಡಿಸಿ, ರಿಪೇರಿ ಮಾಡಿ, ಅದಕ್ಕೆ ಸ್ಟಾರ್ ಹೌಸ್ ಎಂದು ಹೆಸರಿಟ್ಟರು. ಬಾಡಿಗೆ ಹಣಕ್ಕಾಗಿ ಮಾರ್ಷಾ ಮತ್ತು ಸಿಲ್ವಿಯಾ ರಾತ್ರಿ ಬೀದಿಗೆ ಇಳಿಯುತ್ತಿದ್ದರು. ಚಿಕ್ಕವರು ಆ ಕೆಲಸಕ್ಕೆ ಇಳಿಯಬೇಕಾಗದಿರಲಿ ಎಂಬುದೇ ಅದರ ಉದ್ದೇಶ. ಮೇಲಿನ ಮಹಡಿಯಲ್ಲಿ ಒಂದು ಶಾಲೆ ತೆರೆದು, ಓದು-ಬರಹ ಬಾರದೆ ಬೀದಿಗೆ ಬಿದ್ದ ಮಕ್ಕಳಿಗೆ ಅಕ್ಷರ ಕಲಿಸಬೇಕೆಂಬ ಯೋಜನೆಯಿತ್ತು.

ಶಾಲೆ ತೆರೆಯಲಿಲ್ಲ. ಇಬ್ಬರ ರಾತ್ರಿಯ ಸಂಪಾದನೆಯಲ್ಲಿ ಇಡೀ ಮನೆಯ ಬಾಡಿಗೆ, ಊಟ ತೂಗಿಸಲಾಗದೆ ಬಾಕಿ ಬೆಳೆಯಿತು. 1971ರ ಜುಲೈನಲ್ಲಿ ಎಲ್ಲರನ್ನೂ ಹೊರಹಾಕಲಾಯಿತು. ಒಂದು ವರ್ಷವೂ ಪೂರ್ತಿ ನಿಲ್ಲದ ಮನೆ. ಸೋತಿತು ಎನ್ನಬೇಕೇ? ಲೆಕ್ಕದ ಪುಸ್ತಕದಲ್ಲಿ ಹೌದು. ಆದರೆ ತಮಗೇ ನೆಟ್ಟಗೆ ಸೂರಿಲ್ಲದ ಇಬ್ಬರು ಸಾಲದ ಮನೆಯಲ್ಲಿ ಇತರರಿಗೆ ಸೂರು ಕೊಟ್ಟ ಈ ಕೆಲಸಕ್ಕೆ ಆ ಹೊತ್ತಿನ ದೊಡ್ಡ ಸಂಘಟನೆಗಳು ಜೊತೆ ನಿಂತಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಮಾತ್ರ ಬಿಡದೆ ಕಾಡುತ್ತದೆ.

ಮೆರವಣಿಗೆಯಿಂದ ಹೊರಗೆ

ಜೊತೆ ನಿಲ್ಲುವುದು ಹಾಗಿರಲಿ, 1973ರ ಹೊತ್ತಿಗೆ ಮೆರವಣಿಗೆಯ ಸಂಘಟಕರಿಗೆ ಇವರ ವೇಷಭೂಷಣವೇ ಮುಜುಗರವಾಗಿತ್ತು. ಹೆಣ್ಣುವೇಷದವರಿಂದ ಚಳವಳಿಗೆ ಕೆಟ್ಟ ಹೆಸರು, ಸರ್ಕಾರದೊಡನೆ ಮಾತುಕತೆಗೆ ತೊಡಕು ಎಂಬ ಲೆಕ್ಕಾಚಾರ. ಡ್ರ್ಯಾಗ್ ಕ್ವೀನ್‌ಗಳಿಗೆ ಈ ಸಲ ಜಾಗವಿಲ್ಲ ಎಂದರು. ಮಾರ್ಷಾ ಮತ್ತು ಸಿಲ್ವಿಯಾ ಗಲಾಟೆ ಮಾಡಲಿಲ್ಲ. ಮೆರವಣಿಗೆಗಿಂತ ಮುಂದೆ ಹೋಗಿ ನಡೆದರು, ಅಷ್ಟೇ.

ಆದರೆ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದ ಸಮಾವೇಶದಲ್ಲಿ ಸಿಲ್ವಿಯಾ ವೇದಿಕೆಗೆ ನುಗ್ಗಿ ಮೈಕ್ ಹಿಡಿದರು. ಜೈಲಿನಲ್ಲಿ ಹೊಡೆತ, ಅತ್ಯಾಚಾರ ಅನುಭವಿಸುತ್ತಿರುವ ಸೋದರ ಸೋದರಿಯರಿಗಾಗಿ ನೀವು ಏನು ಮಾಡಿದ್ದೀರಿ ಎಂದು ಕೇಳಿದರು. ಜನ ಕೂಗಾಡಿ ಹೀಗಳೆದರು. ಆ ದೃಶ್ಯದ ವಿಡಿಯೊ ಇಂದಿಗೂ ಲಭ್ಯವಿದೆ, ನೋಡುವುದು ಕಷ್ಟ. ಮನೆಗೆ ಹೋದ ಸಿಲ್ವಿಯಾ ಕೈ ಕೊಯ್ದುಕೊಂಡರು. ಸಕಾಲಕ್ಕೆ ಕಂಡು ಆಸ್ಪತ್ರೆಗೆ ಸೇರಿಸಿದವರು ಮಾರ್ಷಾ. ಬದುಕುಳಿದ ಸಿಲ್ವಿಯಾ ಚಳವಳಿಗೆ ಬೆನ್ನು ತಿರುಗಿಸಿ ಊರು ಬಿಟ್ಟು ಹೋದರು. ಸ್ಟಾರ್ ಅಲ್ಲಿಗೆ ಮುಗಿಯಿತು.

ಮಾರ್ಷಾ ಕ್ರಿಸ್ಟೋಫರ್ ಬೀದಿಯಲ್ಲೇ ಉಳಿದರು. 1972ರಿಂದ ಹಾಟ್ ಪೀಚಸ್ ಎಂಬ ತಂಡದೊಡನೆ ವೇದಿಕೆ ಏರುತ್ತಿದ್ದರು. ಹಾಡು ಅಷ್ಟೇನೂ ಬರುತ್ತಿರಲಿಲ್ಲ, ಆದರೂ ಜನ ಮುಗಿಬೀಳುತ್ತಿದ್ದರು. 1975ರಲ್ಲಿ ಪ್ರಖ್ಯಾತ ಕಲಾವಿದ ಆ್ಯಂಡಿ ವಾರ್ಹೊಲ್ ಕಪ್ಪು ಹಾಗೂ ಲ್ಯಾಟಿನೊ ಡ್ರ್ಯಾಗ್ ಕ್ವೀನ್‌ಗಳ ಚಿತ್ರಮಾಲೆಯೊಂದನ್ನು ಮಾಡಿದರು. ಮಾರ್ಷಾ ಅದರಲ್ಲೊಬ್ಬರು. ರೂಪದರ್ಶಿಗಳ ಕೈಗೆ ಬಂದದ್ದು 50 ಡಾಲರ್ ಆಸುಪಾಸು. ಕೆಲವೇ ವರ್ಷಗಳಲ್ಲಿ ಅದೇ ಕ್ರಿಸ್ಟೋಫರ್ ಬೀದಿಯ ಅಂಗಡಿಯಲ್ಲಿ ಮಾರ್ಷಾ ಅವರ ಚಿತ್ರ ಸಾವಿರಕ್ಕೂ ಹೆಚ್ಚು ಡಾಲರಿಗೆ ಮಾರಾಟಕ್ಕಿತ್ತು. ಚಿತ್ರದಲ್ಲಿದ್ದವರು ಹೊರಗೆ ಫುಟ್‌ಪಾತ್ ಮೇಲೆ, ಜೇಬಿನಲ್ಲಿ ಕಾಸಿಲ್ಲದೆ ಓಡಾಡುತ್ತಿದ್ದರು. ಕೊಂಡಾಡುವುದಕ್ಕೂ ಕೈ ಹಿಡಿಯುವುದಕ್ಕೂ ನಡುವಿನ ದೂರ ಒಂದು ಗಾಜಿನಷ್ಟು.

ಮಾರ್ಷಾ ಬರೀ ನಗುವ ಸಂತರಾಗಿರಲಿಲ್ಲ. 1970ರಿಂದ ಆಗಾಗ ಮನಸ್ಸು ಕೈಕೊಡುತ್ತಿತ್ತು. ಬಟ್ಟೆ ಕಳಚಿ ಬೀದಿಯಲ್ಲಿ ನಡೆದದ್ದುಂಟು, ತಿಂಗಳುಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲಿದ್ದದ್ದುಂಟು. ಸಿಟ್ಟು ಬಂದಾಗ ಹೊಡೆದಾಡಿದ್ದನ್ನೂ ಗೆಳೆಯರು ಮರೆಮಾಚಿಲ್ಲ. ಮೈಮೇಲಿದ್ದ ಬಟ್ಟೆಬರೆ, ಹೂವನ್ನು ಹಡ್ಸನ್ ನದಿಗೆ ಎಸೆದು, ತೀರಿಕೊಂಡ ತಂದೆಗೂ ಸಮುದ್ರದೇವ ನೆಪ್ಚೂನನಿಗೂ ಕಾಣಿಕೆ ಎನ್ನುತ್ತಿದ್ದರು. ಕೈಗೆ ಸಿಕ್ಕ ದುಡ್ಡನ್ನು ಕೇಳಿದವರಿಗೆ ಕೊಟ್ಟು ತಾವು ಉಪವಾಸ ಬೀಳುತ್ತಿದ್ದರು. ಬೀದಿಯ ಜನ ಅವರನ್ನು ಸೇಂಟ್ ಮಾರ್ಷಾ ಎಂದು ಕರೆದದ್ದು ಇಷ್ಟನ್ನೆಲ್ಲ ಕಂಡೇ.

1980ರ ಕೊರೆಯುವ ಚಳಿಯ ರಾತ್ರಿಯೊಂದರಲ್ಲಿ ಹೋರಾಟಗಾರ ರ‍್ಯಾಂಡಿ ವಿಕರ್ ಮಾರ್ಷಾ ಅವರನ್ನು ಹೋಬೋಕೆನ್‌ನ ತಮ್ಮ ಮನೆಗೆ ಕರೆದರು. ಒಂದು ರಾತ್ರಿಗೆಂದು ಬಂದವರು ಕೊನೆತನಕ, ಹನ್ನೆರಡು ವರ್ಷ ಅಲ್ಲೇ ಉಳಿದರು. ಆ ಊರಿನ ಚರ್ಚಿನಲ್ಲಿ ನೆಲದ ಮೇಲೆ ಅಡ್ಡಬಿದ್ದು ಪ್ರಾರ್ಥಿಸುತ್ತಿದ್ದರು. ಅದೇ 1980ರ ಪ್ರೈಡ್ ಮೆರವಣಿಗೆಯಲ್ಲಿ ಅವರನ್ನು ಮುಂದಿನ ಕಾರಿನಲ್ಲಿ ಕೂರಿಸಿ ಕರೆದೊಯ್ದರು. ಏಳು ವರ್ಷದ ಹಿಂದೆ ಜಾಗವಿಲ್ಲ ಎಂದಿದ್ದ ಮೆರವಣಿಗೆ ಅದು.

ಏಡ್ಸ್ ಕಾಲ ಬಂತು. ಗೆಳೆಯರು ಒಬ್ಬೊಬ್ಬರಾಗಿ ಸಾಯತೊಡಗಿದರು. ಮಾರ್ಷಾ ಆ್ಯಕ್ಟ್ ಅಪ್ ಸಂಘಟನೆಯ ಪ್ರತಿಭಟನೆಗಳಿಗೆ ಹೋದರು, ಅದಕ್ಕಿಂತ ಹೆಚ್ಚಾಗಿ ಹಾಸಿಗೆ ಹಿಡಿದವರ ಪಕ್ಕ ಕೂತರು. ವಿಕರ್ ಅವರ ಸಂಗಾತಿ ಡೇವಿಡ್ ಕೋಂಬ್ಸ್ 1990ರಲ್ಲಿ ತೀರಿಕೊಳ್ಳುವವರೆಗೂ ಆರೈಕೆ ಮಾಡಿದರು. ಮುಟ್ಟಲು ಜನ ಹೆದರುತ್ತಿದ್ದ ದಿನಗಳವು. ತಮಗೂ ಎಚ್‌ಐವಿ ಇದೆ ಎಂದು 1992ರ ಜೂನ್‌ನಲ್ಲಿ ಸಂದರ್ಶನವೊಂದರಲ್ಲಿ ಹೇಳಿದರು.

ನದಿ, ಮತ್ತು ನಂತರ

ಅದಾದ ಕೆಲವೇ ದಿನಗಳಲ್ಲಿ, 1992ರ ಜುಲೈ 6ರಂದು, ಕ್ರಿಸ್ಟೋಫರ್ ಬೀದಿಯ ಕೊನೆಯ ಹಡಗುಕಟ್ಟೆಯ ಬಳಿ ಹಡ್ಸನ್ ನದಿಯಲ್ಲಿ ಮಾರ್ಷಾ ದೇಹ ತೇಲುತ್ತಿತ್ತು. 46 ವರ್ಷ. ಪೊಲೀಸರು ಬೇಗನೆ ಆತ್ಮಹತ್ಯೆ ಎಂದು ಬರೆದು ಕಡತ ಮುಚ್ಚಿದರು. ಗೆಳೆಯರು ಒಪ್ಪಲಿಲ್ಲ. ತಲೆಯಲ್ಲಿ ಗಾಯ ಕಂಡೆವು ಎಂದರು, ಯಾರೋ ಕಾಡುತ್ತಿದ್ದುದನ್ನು ನೋಡಿದವರಿದ್ದಾರೆ ಎಂದರು. ಕೇಳುವವರಿರಲಿಲ್ಲ. ಹತ್ತು ವರ್ಷದ ನಂತರ, 2002ರಲ್ಲಿ, ಸಾವಿನ ಕಾರಣವನ್ನು ಅನಿರ್ಧರಿತ ಎಂದು ತಿದ್ದಲಾಯಿತು. 2012ರಲ್ಲಿ ಟ್ರಾನ್ಸ್ ಹೋರಾಟಗಾರ್ತಿ ಮರಾಯಾ ಲೋಪೆಜ್ ಅವರ ಒತ್ತಾಯದಿಂದ ಪ್ರಕರಣ ಮತ್ತೆ ತೆರೆಯಿತು. ಉತ್ತರ ಇನ್ನೂ ಸಿಕ್ಕಿಲ್ಲ.

ಅಂತಿಮ ಯಾತ್ರೆಗೆ ಸೇರಿದ ಜನ ಎಷ್ಟೆಂದರೆ, ಪೊಲೀಸರೇ ಸೆವೆಂತ್ ಅವೆನ್ಯೂ ರಸ್ತೆ ಬಂದ್ ಮಾಡಿ ದಾರಿ ಬಿಟ್ಟರು. ಚಿತಾಭಸ್ಮವನ್ನು ಅದೇ ನದಿಗೆ ಬಿಟ್ಟರು.

ಗೌರವಗಳು ನಿಧಾನವಾಗಿ ಬಂದವು. 2016ರಲ್ಲಿ ಸ್ಟೋನ್‌ವಾಲ್ ಪರಿಸರ ಅಮೆರಿಕದ ರಾಷ್ಟ್ರೀಯ ಸ್ಮಾರಕವಾಯಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1992ರಲ್ಲಿ ಬರೆಯದ ಶ್ರದ್ಧಾಂಜಲಿಯನ್ನು 2018ರಲ್ಲಿ ಬರೆಯಿತು. ಬದುಕಿದ್ದರೆ 75 ತುಂಬುತ್ತಿದ್ದ ದಿನ, 2020ರ ಆಗಸ್ಟ್ 24ರಂದು, ಬ್ರೂಕ್ಲಿನ್‌ನ ನದಿ ದಂಡೆಯ ಸರ್ಕಾರಿ ಉದ್ಯಾನಕ್ಕೆ ಮಾರ್ಷಾ ಹೆಸರಿಟ್ಟರು. ಹಾಗೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವವರೂ ಇದ್ದಾರೆ: 2025ರ ಫೆಬ್ರವರಿಯಲ್ಲಿ ಟ್ರಂಪ್ ಸರ್ಕಾರದ ಅಡಿ ಸ್ಟೋನ್‌ವಾಲ್ ಸ್ಮಾರಕದ ಅಧಿಕೃತ ವೆಬ್‌ಸೈಟಿನಿಂದ ಟ್ರಾನ್ಸ್‌ಜೆಂಡರ್ ಎಂಬ ಪದವನ್ನೇ ಅಳಿಸಲಾಯಿತು. ಮರುದಿನ ನೂರಾರು ಜನ ಸ್ಮಾರಕದ ಎದುರು ಸೇರಿ ಪ್ರತಿಭಟಿಸಿದರು.

ಮಾರ್ಷಾ ಸಾವಿನ ನಂತರದ ವರ್ಷಗಳಲ್ಲಿ ಸಿಲ್ವಿಯಾ ನ್ಯೂಯಾರ್ಕ್‌ಗೆ ಮರಳಿದ್ದರು. ಕೈಯಲ್ಲಿ ಏನೂ ಇರಲಿಲ್ಲ. ಗೆಳತಿಯ ದೇಹ ಸಿಕ್ಕಿದ ನದಿ ದಂಡೆಯ ಕಟ್ಟೆಗಳ ಮೇಲೇ ಗುಡಿಸಲು ಹಾಕಿಕೊಂಡು ಬದುಕಿದರು. ಮುಂದೆ ಬ್ರೂಕ್ಲಿನ್‌ನಲ್ಲಿ ಟ್ರಾನ್ಸಿ ಹೌಸ್ ಎಂಬ ಆಶ್ರಯ ಮನೆ ಸೇರಿದರು. 1995ರಿಂದ 2008ರವರೆಗೆ ನಡೆದ ಆ ಮನೆ ಕಟ್ಟಿದವರಿಗೆ ಮಾದರಿಯಾಗಿದ್ದು ಈಸ್ಟ್ ಸೆಕೆಂಡ್ ಸ್ಟ್ರೀಟ್‌ನ ಹಳೆಯ ಸ್ಟಾರ್ ಹೌಸ್. 2001ರಲ್ಲಿ ಸಿಲ್ವಿಯಾ ಸ್ಟಾರ್ ಸಂಘಟನೆಗೂ ಮತ್ತೆ ಜೀವ ಕೊಟ್ಟರು.

ಆಗ ನ್ಯೂಯಾರ್ಕ್ ರಾಜ್ಯದಲ್ಲಿ ಸಲಿಂಗಿಗಳಿಗೆ ಉದ್ಯೋಗ, ವಸತಿಯಲ್ಲಿ ತಾರತಮ್ಯದಿಂದ ರಕ್ಷಣೆ ಕೊಡುವ ಮಸೂದೆ ತಯಾರಾಗುತ್ತಿತ್ತು. ಟ್ರಾನ್ಸ್ ಜನರನ್ನು ಸೇರಿಸಿದರೆ ಮಸೂದೆ ಬಿದ್ದುಹೋಗುತ್ತದೆ ಎಂದು ಅದರ ಪ್ರತಿಪಾದಕರು ಕೈಬಿಟ್ಟಿದ್ದರು. 1973ರ ಹಳೆಯ ಲೆಕ್ಕಾಚಾರವೇ ಇದು. ಯಕೃತ್ತಿನ ಕ್ಯಾನ್ಸರ್‌ನಿಂದ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯಲ್ಲಿ ಮಲಗಿದ್ದ ಸಿಲ್ವಿಯಾ, ಸಾಯುವ ಕೆಲವೇ ಗಂಟೆಗಳ ಮುಂಚೆಯೂ ಆ ಸಂಘಟನೆಯ ಮುಖಂಡರನ್ನು ಹಾಸಿಗೆ ಪಕ್ಕಕ್ಕೆ ಕರೆಸಿ, ನಮ್ಮವರನ್ನು ಬಿಡಬೇಡಿ ಎಂದು ವಾದಿಸಿದರು. 2002ರ ಫೆಬ್ರವರಿ 19ರಂದು ತೀರಿಕೊಂಡರು.

ಎರಡು ತಿಂಗಳ ನಂತರ ನ್ಯೂಯಾರ್ಕ್ ನಗರಸಭೆ ತನ್ನ ಮಾನವ ಹಕ್ಕು ಕಾನೂನಿನಲ್ಲಿ ಟ್ರಾನ್ಸ್ ಜನರನ್ನು ಸೇರಿಸಿತು. ರಾಜ್ಯದ ಮಸೂದೆ ಅದೇ ಡಿಸೆಂಬರ್‌ನಲ್ಲಿ ಅವರನ್ನು ಹೊರಗಿಟ್ಟೇ ಪಾಸಾಯಿತು. ಮನೆ ಬಾಡಿಗೆ ಕೇಳಲು ಹೋದ ಟ್ರಾನ್ಸ್ ಬಾಡಿಗೆದಾರರನ್ನು ಅದೇ ಕಾರಣಕ್ಕೆ ಹಿಂದೆ ಕಳಿಸುವಂತಿಲ್ಲ ಎಂದು ರಾಜ್ಯದ ಕಾನೂನು ಸ್ಪಷ್ಟವಾಗಿ ಬರೆದದ್ದು 2019ರ ಜನವರಿಯಲ್ಲಿ. ಸ್ಟಾರ್ ಹೌಸ್ ಖಾಲಿಯಾಗಿ ಆಗಲೇ 47 ವರ್ಷ ದಾಟಿತ್ತು.